ಸ್ಪ್ಯಾಮ್‌ನಲ್ಲಿ ಸಿಕ್ಕ ಪಂಚಮಿ ಕರೆ

"ಇನ್‌ಬಾಕ್ಸಿನ್ಯಾಗ ಇಲ್ಲಂದ್ರ ಸ್ಪ್ಯಾಮ್ ನೋಡ್ರಿ ಟೀಚರ್," ಅಂದಳು ಶಬಾನಾ. ರೋಣದ ಶಾಲೆಯಲ್ಲಿ ನನ್ನ ಜೊತೆಗೇ ಪಾಠ ಮಾಡುವವಳು. ನಾನು ಹುಡುಕುತ್ತಿದ್ದುದು ಒಂದು ಟ್ರೇನಿಂಗ್ ಸರ್ಟಿಫಿಕೇಟ್.

ಸ್ಪ್ಯಾಮ್ ತೆರೆದೆ. ಲಾಟರಿ, ಲೋನು, ತೂಕ ಇಳಿಸುವ ಪುಡಿ... ಅವುಗಳ ನಡುವೆ ಒಂದು ಹಡಗಿನ ಅಡ್ರೆಸ್ಸಿನಿಂದ ಐದು ಮೇಲ್.

ನನ್ನ ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನು. ನಡುಸಮುದ್ರದಲ್ಲಿ ಫೋನ್ ಹತ್ತುವುದಿಲ್ಲ, ಹಡಗಿನ ಮೇಲ್ ಒಂದೇ ದಾರಿ.

ಹೊರಡುವ ದಿನ ಅಡ್ರೆಸ್ ಮೆಸೇಜ್ ಮಾಡಿ, ಫೋನೂ ಮಾಡಿದ್ದ. "ಕಾಂಟ್ಯಾಕ್ಟಿನ್ಯಾಗ ಸೇವ್ ಮಾಡ್ಕೊಳವಾ, ಇಲ್ಲಂದ್ರ ಕಸದಾಗ ಹೊಕ್ಕೈತಿ." ನಾನು ರೊಟ್ಟಿ ಬಡಿಯುತ್ತಿದ್ದೆ. ಹೂಂ ಅಂದೆ, ಮರೆತೇಬಿಟ್ಟೆ.

ನಮ್ಮ ಕಡೆ ನಾಗರ ಪಂಚಮಿಗೆ ತವರಿನವರು ಕರೆಯದೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಅಪ್ಪ ಇರುವ ತನಕ ತವರೂರು ಜಕ್ಕಲಿಯಿಂದ ತಾನೇ ಬಸ್ ಹತ್ತಿ ಬಂದು ಕರೆದೊಯ್ಯುತ್ತಿದ್ದ. ಈಗ ಕರೆಯಬೇಕಾದವನು ಅಣ್ಣ.

ಕರೆ ಬರಲಿಲ್ಲ ಅಂತ ಇಪ್ಪತ್ತು ದಿನದಿಂದ ಮುಖ ಗಂಟು ಹಾಕಿಕೊಂಡಿದ್ದೆ. ಅವ್ವ ಫೋನಿನಲ್ಲಿ "ಯಾವಾಗ ಬರ್ತೀವಾ?" ಅಂದರೆ, ನೋಡೋಣ ಅಂದು ಇಟ್ಟುಬಿಡುತ್ತಿದ್ದೆ. ಅಪ್ಪನ ಜೊತೆಗೇ ತವರೂ ಮುಗಿಯಿತು ಅಂದುಕೊಂಡು ಒಬ್ಬಳೇ ಅತ್ತಿದ್ದೂ ನಿಜ.

ಮೊದಲ ಮೇಲ್ ತೆರೆದೆ. ಸಬ್ಜೆಕ್ಟ್ ಖಾಲಿ. ಹಡಗಿನ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲವಲ್ಲ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ ನಮ್ಮ ಮಾತು.

"ಪಂಚಮಿಗೆ ಬಾರವಾ ತಂಗಿ. ಅಪ್ಪ ಕರಿಯಾಕ ಬರತಿದ್ದ, ನನಗ ಬರಾಕ ಆಗವಲ್ದು. ಇದನ್ನ ಕರೆ ಅಂತ ತಿಳ್ಕೊ."

ಎರಡನೆಯದರಲ್ಲಿ, ಹಬ್ಬದ ಜೋಕಾಲಿಗೆ ಹೊಸ ಹಗ್ಗ ತರಲು ತನ್ನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಹೇಳಿದ್ದಾನಂತೆ. ಮೂರನೆಯದು, ನಾಲ್ಕನೆಯದು ಮತ್ತೆ ಅದೇ ಕರೆ. ಕೊನೆಯದು ಒಂದೇ ಸಾಲು... "ಸಿಟ್ಟಾಗೀಯೇನು?"

ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಅವೆಲ್ಲ ತಾವಾಗಿಯೇ ಅಳಿಸಿಹೋಗುತ್ತಿದ್ದವು.

ಸ್ಟಾಫ್ ರೂಮಿನಲ್ಲೇ ಕಣ್ಣೀರು ಬಂತು. ಶಬಾನಾ ಬಗ್ಗಿ ಮೇಲ್ ಓದಿದಳು. ಫೋನ್ ಇಸಿದುಕೊಂಡು ಐದಕ್ಕೂ 'ನಾಟ್ ಸ್ಪ್ಯಾಮ್' ಒತ್ತಿ ವಾಪಸ್ ಕೊಟ್ಟಳು.

"ಈಗ ನನ್ನ ಮುಂದನ ಅಡ್ರೆಸ್ ಸೇವ್ ಮಾಡ್ರಿ. ನಿಮ್ಮ ಅಣ್ಣಾರಿಗೂ ಹೇಳ್ರಿ, ಸಬ್ಜೆಕ್ಟ್ ಬರೀಲಾರ್ದ ಕಳಸಬ್ಯಾಡ್ರಿ ಅಂತ."

ಪಂಚಮಿಗೆ ಎರಡೇ ದಿನ ಇತ್ತು. ಮರುದಿನ ರಜೆ ಹಾಕಿ ಜಕ್ಕಲಿ ಬಸ್ ಹತ್ತಿದೆ.

ಅಣ್ಣ ಕರೆದಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ವೈನಿ ಬಾಗಿಲಲ್ಲೇ ಚೀಲ ಇಸಿದುಕೊಂಡಳು. "ಐದ ಸಲ ಕರಿಸ್ಕೊಂಡ ಬಂದಿ ನೋಡವಾ." ಅವ್ವ ಎಳ್ಳುಂಡಿ ತಂದು ಬಾಯಿಗೇ ಇಟ್ಟಳು.

ಇದನ್ನು ಜೋಕಾಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಹಗ್ಗ ಹೊಸದೇ ಇದೆ. ಅಣ್ಣನಿಗೆ ಉತ್ತರ ಕಳಿಸಿದ್ದೇನೆ, ಸಬ್ಜೆಕ್ಟ್ ಸಮೇತ: ಬಂದೀನಿ.

ಅಂದು ಸ್ಟಾಫ್ ರೂಮಿನಲ್ಲಿ ಅಡ್ರೆಸ್ ಸೇವ್ ಮಾಡುವಾಗ ಫೋನ್ ಹೆಸರು ಕೇಳಿತು. ಅಣ್ಣನ ಹೆಸರು ಬರೆಯಲು ಹೋಗಿ ಅಳಿಸಿ, 'ತವರುಮನೆ' ಅಂತ ಹಾಕಿದೆ.