ಗಂಗಾಶ್ರೀಯ ಎರಡನೆಯ ಮುಚ್ಚಳ

ನನ್ನ ಹೆಂಡತಿ ಗಂಗಾಶ್ರೀ ಮದುವೆಯಾಗಿ ಬರುವಾಗ ತವರಿನಿಂದ ಒಂದು ಟೈಪ್‌ರೈಟರ್ ತಂದಳು. ಬೀರು ಇಳಿಯುತ್ತದೆಂದು ಶಿಕಾರಿಪುರದ ನಮ್ಮ ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಇಳಿದದ್ದು ಟೈಪ್‌ರೈಟರ್. ಅದನ್ನು ಹೊತ್ತು ಒಳಗೆ ತಂದವಳೂ ಅವಳೇ. ನಾನು ಬೀಳಿಸುತ್ತೇನೆ ಅಂತ ನನ್ನ ಕೈಗೆ ಕೊಡಲಿಲ್ಲ. ಆಗಿನ್ನೂ ಮದುವೆಯಾಗಿ ನಾಲ್ಕು ಗಂಟೆ. ಆದರೂ ನನ್ನನ್ನು ಸರಿಯಾಗಿಯೇ ಅಳೆದಿದ್ದಳು ಅಂತ ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೂ ಅನ್ನಿಸುತ್ತದೆ.

ನಾನು ಮಲ್ಲಿಕಾರ್ಜುನ್, ಗೊಬ್ಬರದ ಅಂಗಡಿಯವನು. ಅವಳು ಬಸ್‌ಸ್ಟ್ಯಾಂಡ್ ಹತ್ತಿರ ಶಾಂತವೀರಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹತ್ತು ವರ್ಷ ಪಾಠ ಹೇಳಿದವಳು. ತೊಂಬತ್ತೆಂಟರ ಮಳೆಗಾಲದಲ್ಲಿ ಅವರು ಇವಳನ್ನು ಕರೆದು ಕೂರಿಸಿಕೊಂಡರು.

"ನೋಡವ್ವಾ, ಟೈಪಿಂಗಿಗೆ ಹುಡುಗ್ರು ಬರೋದು ನಿಂತೈತಿ. ದಸರಾ ಆದ್ಮೇಲೆ ಮಷಿನ್ ಎಲ್ಲಾ ಮಾರಿ ಆರು ಕಂಪ್ಯೂಟರ್ ತರ್ತೀನಿ. ಅವನ್ನ ಒಂದಕ್ಕೊಂದು ಜೋಡಿಸಿ ಕಲಿಸೋಕೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಇದ್ದೋರು ಬೇಕು. ನೀನು ತಂದ್ರೆ ಕೆಲಸ ನಿಂದೇ. ಇಲ್ಲಾಂದ್ರೆ ಶಿವಮೊಗ್ಗದಿಂದ ಒಬ್ಬನ್ನ ಕರೆಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಅಳುತ್ತ ಬರುತ್ತಿದ್ದರು. ಇವಳು ಅಂಗಡಿಗೆ ನುಗ್ಗಿ, ನಾಲ್ಕು ಜನ ಗಿರಾಕಿಗಳ ಮುಂದೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ರೀ, ನಮ್ಮನೇಲೇ ಒಂದು ಲ್ಯಾಬ್ ಮಾಡೋಣ್ರೀ!"

ಪರೀಕ್ಷೆ ಬೆಂಗಳೂರಿನಲ್ಲಿ, ದಸರೆಯ ಮಾರನೆಯ ವಾರ. ಅದರ ಶುಲ್ಕ ಕೇಳಿ ನಾನು ಯೂರಿಯಾ ಮೂಟೆಯ ಮೇಲೆ ಕೂತುಬಿಟ್ಟೆ. ಅಷ್ಟು ಕಟ್ಟಿದ ಮೇಲೆ ತರಬೇತಿಯ ಮಾತೇ ಇಲ್ಲ. ಯಾರೋ ಓದಿ ಬಿಟ್ಟ ದಪ್ಪ ಪುಸ್ತಕ ಒಂದು, ನಮ್ಮ ನಡುಮನೆ ಒಂದು, ಇಷ್ಟರಲ್ಲೇ ಅವಳು ಪಾಸಾಗಬೇಕಿತ್ತು.

ಮೊದಲ ಕಂಪ್ಯೂಟರ್ ಸಿಕ್ಕಿದ್ದು ಬಾಗಿಲು ಹಾಕಿದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅದಕ್ಕೆ ಪೆಟ್ಟಿಗೆಯೇ ಇರಲಿಲ್ಲ. ಗಂಗಾ ಅದರ ಕರುಳೆಲ್ಲ ತಂದು ನನ್ನವ್ವ ಊಟಕ್ಕೆ ಕೂರುವ ಮಣೆಗೆ ಸ್ಕ್ರೂ ಹೊಡೆದು ಕೂರಿಸಿದಳು. ನನ್ನವ್ವ ಬಸವಣ್ಣೆಮ್ಮ ಅಂದಿನಿಂದ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಉಣ್ಣತೊಡಗಿದಳು. ಎರಡನೆಯದು ಆನವಟ್ಟಿಯದು. ಗಂಗಾಳ ಅಣ್ಣ ಪರಮಶಿವಪ್ಪನ ಅಕ್ಕಿ ಗಿರಣಿಯಲ್ಲಿ ಹಳೆಯ ಕಂಪ್ಯೂಟರ್ ಮೂಲೆಗೆ ಬಿದ್ದಿತ್ತು. ಕೀಬೋರ್ಡ್ ಬೋರಲು ಹಾಕಿದರೆ ಒಂದು ಬೊಗಸೆ ತೌಡು ಸುರಿಯಿತು. ಅದನ್ನು ಎಮ್ಮೆಗೆ ಹಾಕಿದೆವು.

ಪರಮಶಿವಪ್ಪ ಒಂದೇ ಮಾತು ಹೇಳಿದ. "ಆಯುಧ ಪೂಜೆಗೆ ವಾಪಸ್ ಬೇಕು ಮಾರಾಯ್ತಿ. ಅವತ್ತು ಗಿರಣಿದು ಒಂದು ಸ್ಪ್ಯಾನರ್ ಹೊರಗಿದ್ರೂ ಅಪ್ಪ ಪೂಜೆಗೆ ಕೂರದಿಲ್ಲ."

ಹಾಗಾಗಿ ಗಡುವು ಖಚಿತವಾಯಿತು. ಹಬ್ಬದೊಳಗೆ ಈ ಎರಡು ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬೇಕು. ಇಲ್ಲದಿದ್ದರೆ ಪರೀಕ್ಷೆಗೇ ಹೋಗುವುದಿಲ್ಲ ಅಂದಳು ಗಂಗಾ. ಮನೆಯಲ್ಲಿ ಎರಡನ್ನು ಮಾತಾಡಿಸಲಾರದವಳು ಇನ್‌ಸ್ಟಿಟ್ಯೂಟಿನಲ್ಲಿ ಆರನ್ನು ಜೋಡಿಸುತ್ತೇನೆಂದು ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಅವಳ ವಾದ.

ಎರಡರ ನಡುವೆ ಒಂದು ಕರಿ ತಂತಿ. ತಂತಿ ಕಂಪ್ಯೂಟರಿಗೆ ಸೇರುವ ಎರಡು ಕೊನೆಯಲ್ಲೂ ಆಚೆಗೆ ತೆರೆದ ಒಂದು ಬಾಯಿ, ಅದಕ್ಕೆ ಬೆರಳ ತುದಿಯಷ್ಟು ದೊಡ್ಡ, ಬೆಳ್ಳಿಯಂತೆ ಹೊಳೆಯುವ ಒಂದೊಂದು ಮುಚ್ಚಳ. ಮುಚ್ಚಳ ಇಲ್ಲದಿದ್ದರೆ ಕಳಿಸಿದ ಮಾತು ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬಂದು ಎಲ್ಲ ಕೆಡಿಸುತ್ತದಂತೆ. ಒಂದು ಕಡೆಯ ಮುಚ್ಚಳ ಇಲ್ಲದಿದ್ದರೂ ಸಾಕು, ಎರಡೂ ಮೂಕ. ಇದನ್ನು ಅವಳು ನನಗೆ ರೊಟ್ಟಿ ತಟ್ಟುತ್ತ ಹೇಳಿಕೊಟ್ಟಳು, ನಾನು ತಲೆಯಾಡಿಸಿದೆ.

ತಂತಿ, ಮುಚ್ಚಳ ಎಲ್ಲ ಬೆಂಗಳೂರಿನ ಒಂದು ಅಂಗಡಿಯಿಂದ ಬಸ್ ಕಂಡಕ್ಟರ್ ಕೈಯಲ್ಲಿ ಬಂದವು. ಪೊಟ್ಟಣ ತಂದವನು ನಾನು. ಈಗ ಒಪ್ಪಿಕೊಳ್ಳುತ್ತೇನೆ: ನಮ್ಮ ಜಗಲಿಯ ಮೇಲೆ ಕೂತು ಅದನ್ನು ಬಿಚ್ಚಿ ನೋಡಿದವನೂ ನಾನೇ. ಇಷ್ಟು ದುಡ್ಡಿನ ಸಾಮಾನು ಹೇಗಿರುತ್ತದೆ ಅಂತ ಒಂದು ಚಪಲ. ಅಷ್ಟರಲ್ಲಿ ಯಾರೋ ಗಿರಾಕಿ ಕರೆದರು, ಗಡಿಬಿಡಿಯಲ್ಲಿ ಮತ್ತೆ ಕಟ್ಟಿ ಒಳಗಿಟ್ಟೆ.

ಸಂಜೆ ಗಂಗಾ ಪೊಟ್ಟಣ ಬಿಚ್ಚಿದಳು. "ಒಂದೇ ಮುಚ್ಚಳ ಐತಲ್ರೀ! ನೀವೇನಾದ್ರೂ ಇದನ್ನ ಬಿಚ್ಚಿದ್ರಾ?"

"ನಾನ್ಯಾಕೆ ಬಿಚ್ಚಲಿ? ನನಗೇನು ಬೇರೆ ಕೆಲಸ ಇಲ್ವಾ?" ಅಂದೆ. ಸುಳ್ಳು ಹೇಳುವವನು ದನಿ ಏರಿಸಿಯೇ ಹೇಳಬೇಕಾಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಮಾರನೆಯ ದಿನ ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಅಂಗಡಿಯವನನ್ನು ಓಣಿಗೆಲ್ಲ ಕೇಳುವ ಹಾಗೆ ಬೈದೆ.

ಪಾಪ, ಅವನು ಸಮಾಧಾನದಿಂದಲೇ ಹೇಳಿದ. "ಎರಡು ಹಾಕಿದ್ದೀನಿ ಸಾರ್. ಒಂದಕ್ಕೆ ಸಣ್ಣ ಸರಪಳಿ ಇತ್ತು, ನೆನಪಿದೆ. ಇನ್ನೊಂದು ಬೇಕಾದ್ರೆ ಹಬ್ಬ ಆದ್ಮೇಲೇ ಸ್ಟಾಕು."

ನಾನು ಮನೆಗೆ ಬಂದು ಮಂಡಿಯೂರಿ ಜಗಲಿಯ ಸಂದಿಗೊಂದಿಯೆಲ್ಲ ತಡವಿದೆ. ಅವ್ವ ಬಾಗಿಲಲ್ಲಿ ನಿಂತು, "ಏನು ಹುಡುಕ್ತೀಯೋ?" ಅಂದಳು. "ಏನಿಲ್ಲ ಬಿಡವ್ವಾ" ಅಂದೆ. ಈಗಲೂ ಆ ಉತ್ತರ ನೆನೆದರೆ ನನ್ನ ಹಣೆ ನಾನೇ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಮೂರು ವಾರ ಹೀಗೇ ಹೋಯಿತು. ಗಂಗಾ ಬೆಳಿಗ್ಗೆ ಮಿಂದವಳೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಟಿವಿ ರಿಪೇರಿಯ ಯಲ್ಲಪ್ಪ ಎರಡು ಸಲ ಬಂದು ಏನೇನೋ ಬೆಸುಗೆ ಹಾಕಿ ಒಂದು ನಕಲಿ ಮುಚ್ಚಳ ಮಾಡಿದ. ಅದು ತಂತಿಗೆ ಕೂರದೆ ಪುಟಕ್ಕನೆ ಹಾರಿ ಸಾರಿನೊಳಗೆ ಬಿತ್ತು. ನಕ್ಕು ನಕ್ಕು ಗಂಗಾಳ ಕಣ್ಣಲ್ಲಿ ನೀರು ಬಂತು. ಆದರೆ ದಿನ ಕಳೆದಂತೆ ಅವಳ ನಗು ಕಮ್ಮಿಯಾಯಿತು. ನಾನು ಅಂಗಡಿಯಿಂದ ತಡವಾಗಿ ಬರತೊಡಗಿದೆ.

ಇತ್ತ ಅವ್ವನ ಪೂಜೆ ಯಾಕೋ ಎರಡು ಪಟ್ಟಾಯಿತು. ಮೊದಲು ಅರ್ಧ ಗಂಟೆ ಇದ್ದದ್ದು ಈಗ ಒಂದು ಗಂಟೆ. ಹೊರಗೆ ಬಂದವಳು ಸೊಸೆಯ ಕೊರಳ ಕಡೆ ನೋಡಿ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಹಾಗೆ ದಿಟ್ಟಿಸುತ್ತಾಳೆ ಅಂದುಕೊಂಡೆ.

ಆಯುಧ ಪೂಜೆಯ ಹಿಂದಿನ ದಿನ ಬೆಳಿಗ್ಗೆಯೇ ಪರಮಶಿವಪ್ಪ ಟೆಂಪೊ ತಂದು ನಿಲ್ಲಿಸಿದ. ಗಂಗಾ ಕಂಪ್ಯೂಟರಿನ ಹಿಂದೆ ಬಗ್ಗಿ ತಂತಿ ಬಿಚ್ಚಲು ಕೈ ಹಾಕಿದಳು. ಆಗ ಅವ್ವ ಹೊರಗೆ ಬಂದಳು. ಕೈಯಲ್ಲಿ ಮಡಿಬಟ್ಟೆ, ಬಟ್ಟೆಯ ಮೇಲೆ ಬಿಲ್ವಪತ್ರೆ, ಪತ್ರೆಯ ಮೇಲೆ ವಿಭೂತಿಯಲ್ಲಿ ಮುಳುಗಿದ ಏನೋ ಒಂದು.

"ಗಂಗವ್ವಾ," ಅವ್ವ ಅದನ್ನು ಸೊಸೆಯ ಮುಂದೆ ಹಿಡಿದಳು. "ಜಗಲಿ ಮ್ಯಾಲೆ ಬಿದ್ದಿತ್ತು. ನಾನು ಯಾರಿಗೂ ಹೇಳಿಲ್ಲ. ನಾಳೆ ಹಬ್ಬ ಐತಿ, ಇವತ್ತಾರ ಕೊರಳಿಗೆ ಕಟ್ಕಳವ್ವಾ."

ಅದಕ್ಕೊಂದು ಸಣ್ಣ ಸರಪಳಿಯಿತ್ತು.

ನಾವು ಲಿಂಗ ಕಟ್ಟಿಕೊಳ್ಳುವ ಜನ. ಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿಗೆ ಕರಡಿಗೆ ಅನ್ನುತ್ತೇವೆ. ಪೊರೆ ಬಂದ ಕಣ್ಣಿಗೆ ಆ ಮುಚ್ಚಳ ಕರಡಿಗೆಯಾಗಿ ಕಂಡಿತ್ತು. ಸೊಸೆ ಕಂಪ್ಯೂಟರಿನ ಹುಚ್ಚಿನಲ್ಲಿ ಲಿಂಗವನ್ನೇ ಬಿಚ್ಚಿ ಬಿಸಾಕಿದಳು ಅಂತ ಅವ್ವ ತಿಳಿದಿದ್ದಳು. ಇನ್ನೊಬ್ಬರ ಲಿಂಗ ಮುಟ್ಟಬಾರದು ಅಂತ ಬಟ್ಟೆಯಲ್ಲಿ ಎತ್ತಿ, ಒಳಗೇನಿದೆ ಅಂತ ತೆರೆದೂ ನೋಡದೆ ದೇವರ ಗೂಡಿನಲ್ಲಿಟ್ಟಿದ್ದಳು.

ಗಂಗಾ ತಂತಿ ಬಿಟ್ಟು ಎದ್ದು ನಿಂತಳು. ಆಮೇಲೆ ತನ್ನ ಕೊರಳಿಂದ ಸೆರಗಿನಡಿಯ ಕರಡಿಗೆ ಎಳೆದು ತೋರಿಸಿದಳು. "ಅತ್ತೀ, ನಂದು ಇಲ್ಲೇ ಐತಲ್ರೀ!"

"ಮತ್ತೆ ಇದು ಯಾರದೇ?"

"ಇದು ಕಂಪ್ಯೂಟರಿಂದು ಅತ್ತೀ!"

ಅವ್ವ ಗೊಬ್ಬರದ ಚೀಲದ ಮೇಲೆ ಕುಸಿದಳು. "ಅಯ್ಯೋ ಶಿವನೇ. ಓದೋ ಹುಡುಗಿ, ಪೂಜೆ ತಪ್ಪಿ ಇವಳಿಗೆ ಕೇಡಾಗಬಾರ್ದು ಅಂತ ಮೂರು ವಾರ ನಿನ್ನ ಹೆಸರಲ್ಲಿ ನಾನೇ ಪೂಜೆ ಮಾಡಿದ್ನಲ್ಲೇ!"

ಗಂಗಾ ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ನನ್ನ ಕಣ್ಣೂ ತುಂಬಿತ್ತು. ಆ ಭರದಲ್ಲಿ ಪೊಟ್ಟಣ ಬಿಚ್ಚಿದವನು ನಾನೇ ಅಂತ ಬಾಯಿ ಬಿಟ್ಟೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಗಂಗಾ ಆಗಲೇ ವಿಭೂತಿ ಒರೆಸಿ, ಉಫ್ ಎಂದು ಊದಿ, ಮುಚ್ಚಳವನ್ನು ತಿರುಗಿಸಿ ಕೂರಿಸಿದ್ದಳು.

ಆಮೇಲೆ ಟಕಟಕ ಟೈಪು ಮಾಡಿದಳು, ಹತ್ತು ವರ್ಷ ಪಾಠ ಹೇಳಿದ ಬೆರಳು. ತೌಡಿನ ಕಂಪ್ಯೂಟರಿಗೆ ಮಣೆಯ ಕಂಪ್ಯೂಟರ್ ನಾಲ್ಕು ಸಲ ಕೂಗಿತು: ಇದ್ದೀಯಾ? ಪರದೆಯ ಮೇಲೆ ಒಂದು ಸಾಲು ಮೂಡಿತು. ಇನ್ನೊಂದು. ಮತ್ತೊಂದು. ನಾಲ್ಕಕ್ಕೆ ನಾಲ್ಕೂ ಉತ್ತರ! ಗಂಗಾ ಕಿರುಚಿದ ರಭಸಕ್ಕೆ ಎಮ್ಮೆ ಹಗ್ಗ ಜಗ್ಗಿತು. ಪರಮಶಿವಪ್ಪ ಟೆಂಪೊದ ಎಂಜಿನ್ ಆರಿಸಿ ಒಳಗೆ ಬಂದು, "ಪೂಜೆ ನಾಳೆ ತಾನೆ, ಬೆಳಗಿನ ಜಾವಕ್ಕೆ ತಗಂಡು ಹೋಗ್ತೀನಿ ಬಿಡು ಮಾರಾಯ್ತಿ" ಅಂದ. ಅವಳು ಇಡೀ ದಿನ ಕಡತಗಳನ್ನು ಆಚೆಯಿಂದೀಚೆಗೆ, ಈಚೆಯಿಂದಾಚೆಗೆ ಓಡಿಸಿ ಆಟವಾಡಿದಳು. ನಾನು ಬೂತಿಗೆ ಹೋಗಿ ಬೆಂಗಳೂರಿನ ಅಂಗಡಿಯವನ ಕ್ಷಮೆ ಕೇಳಿದೆ. ಅದನ್ನೂ ಓಣಿಯವರು ಕೇಳಿಸಿಕೊಂಡರು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತಂತೆ: ತಂತಿಯ ಒಂದು ಕೊನೆಯಲ್ಲಿ ಮುಚ್ಚಳ ಇಲ್ಲದಿದ್ದರೆ ಏನಾಗುತ್ತದೆ? ಗಂಗಾ ಅಲ್ಲೇ ಜೋರಾಗಿ ನಕ್ಕು, ಮೇಲ್ವಿಚಾರಕರಿಂದ ಬೈಸಿಕೊಂಡು, ಪಾಸಾಗಿ ಬಂದಳು. ಸುದ್ದಿ ಕೇಳಿದ ಅವ್ವ, "ಪೂಜೆ ಮಾಡ್ದೋಳು ನಾನು, ಪಾಸಾದೋಳು ನೀನು" ಅಂತ ಛೇಡಿಸಿದಳು. ಮಣೆಯನ್ನು ಮಾತ್ರ ವಾಪಸ್ ಕೇಳಲಿಲ್ಲ.

ಶಾಂತವೀರಪ್ಪನವರ ಆರು ಕಂಪ್ಯೂಟರುಗಳು ಒಂದೇ ತಂತಿಗೆ ಸೇರಿದ ದಿನ ಗಂಗಾ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋದಳು. ಒಂದು ಕೊನೆಯನ್ನು ಖಾಲಿ ಬಿಟ್ಟಿದ್ದಳು. ಸರಪಳಿಯ ಆ ಮುಚ್ಚಳವನ್ನು ಅವ್ವನ ಅಂಗೈಗೆ ಕೊಟ್ಟು ಜಾಗ ತೋರಿಸಿದಳು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, ಬೆರಳಿನಲ್ಲೇ ತಡವಿ, ತಿರುಗಿಸಿ ಕೂರಿಸಿದಳು.

"ಮಾತಾಡ್ತಾವೇನೇ?"

"ಆರೂ ಮಾತಾಡ್ತದಾವೆ ಅತ್ತೀ" ಅಂದಳು ಗಂಗಾ.