ಖಾಲಿ ಚೌಕಟ್ಟಿನೊಳಗೆ ಕೂತ ಅಕ್ಕ

ನಾನು ಚಿಕ್ಕವಳಿದ್ದಾಗ, ಅಂದರೆ ಹದಿನಾಲ್ಕು ವರ್ಷದವಳಿದ್ದಾಗ ನಡೆದದ್ದು ಇದು, ಮಕ್ಕಳೇ. ಆಗಲೇ ನಲವತ್ತಮೂರು ವರ್ಷ ಕಳೆದಿದೆ. ಆ ಹೊತ್ತಿಗೆ ನಾನು ಸ್ಕೂಲು ಬಿಟ್ಟಾಗಿತ್ತು. ಲೆಕ್ಕ ತಲೆಗೆ ಹತ್ತಲಿಲ್ಲ, ಟೀಚರಿಗೂ ನನಗೂ ಆಗಿಬರಲಿಲ್ಲ, ಬಿಟ್ಟೆ. ಅದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ. ನಾನಂತೂ ಅಳಲಿಲ್ಲ.

ನಮ್ಮ ಮನೆ ವಿಜಯನಗರದ ಅಂಚಿಗಿತ್ತು. ಅಲ್ಲಿಂದ ಚಂದ್ರಾ ಲೇಔಟಿನ ಕಡೆ ನಡೆದರೆ ಬರೀ ಸೈಟಿನ ಕಲ್ಲು, ಮುಳ್ಳುಗಿಡ, ಮೇಯುವ ಎಮ್ಮೆ. ಅಪ್ಪ ಮಾಗಡಿ ರಸ್ತೆಯ ಹತ್ತಿರ ಒಂದು ಪವರ್‌ಲೂಮಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಮನೆಗೆ ಬಂದ ಮೇಲೂ ಜೋರಾಗಿಯೇ ಮಾತಾಡುತ್ತಿದ್ದ. ದಿನವಿಡೀ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ಆಗಿಬಿಟ್ಟಿತ್ತು.

ಮಾರ್ಕೆಟ್ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಯಜಮಾನರನ್ನು ನಾನು ಅಂಕಲ್ ಅನ್ನುತ್ತಿದ್ದೆ. ಫೋಟೋ ತೆಗೆಸಿಕೊಳ್ಳಲು ಬರುವ ಹೆಂಗಸರ ನೆರಿಗೆ, ಸೆರಗು ಸರಿಮಾಡಲು ಅವರು ಕೈ ಹಾಕುವ ಹಾಗಿರಲಿಲ್ಲ. ಅದಕ್ಕೆ ಒಬ್ಬಳು ಹುಡುಗಿ ಬೇಕಿತ್ತು, ನಾನು ಸೇರಿಕೊಂಡೆ. ಸೆರಗು ಸರಿಮಾಡುತ್ತಾ ಮಾಡುತ್ತಾ ನನ್ನ ಕಣ್ಣು ಕ್ಯಾಮೆರಾದ ಕಡೆಗೆ ಹೋಯಿತು. ದೀಪ ಎದುರಿಗಿಟ್ಟರೆ ಮುಖ ಚಪಾತಿಯ ಹಾಗೆ ಚಪ್ಪಟೆ, ಪಕ್ಕಕ್ಕಿಟ್ಟರೆ ಮೂಗು ಏಳುತ್ತದೆ ಅನ್ನುವುದನ್ನು ನಾನೇ ಕಂಡುಕೊಂಡೆ. ಅಂಕಲ್ ಬೈಯಲಿಲ್ಲ. 'ನೋಡ್ಕೊಂಡು ಕಲಿ, ಕೇಳ್ಕೊಂಡು ತಲೆ ತಿನ್ಬೇಡ' ಅಂದರು. ಆಮೇಲೆ ಅವರೇ ತಮಗೆ ಗೊತ್ತಿದ್ದ ಚಮತ್ಕಾರಗಳನ್ನು ಹೇಳಿಕೊಡತೊಡಗಿದರು.

ಅದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಅರ್ಧ ಮುಚ್ಚಳ. ಕಪ್ಪು ಬಣ್ಣ ಹಚ್ಚಿದ ಅರ್ಧಚಂದ್ರದ ರಟ್ಟು ಅದು. ಲೆನ್ಸಿನ ಒಂದು ಅರ್ಧ ಮುಚ್ಚಿ ಒಂದು ಸಲ ತೆಗೆಯಬೇಕು. ಫಿಲಂ ಬದಲಾಯಿಸದೆ, ಕ್ಯಾಮೆರಾ ಅಲ್ಲಾಡಿಸದೆ, ಇನ್ನೊಂದು ಅರ್ಧ ಮುಚ್ಚಿ ಮತ್ತೊಂದು ಸಲ ತೆಗೆಯಬೇಕು. ಒಬ್ಬನೇ ಮನುಷ್ಯ ಒಂದೇ ಫೋಟೋದಲ್ಲಿ ಎರಡು ಕಡೆ ಬರುತ್ತಾನೆ. ಕಾಲೇಜು ಹುಡುಗರು ಬಂದು ತಮ್ಮ ಕೈಯನ್ನು ತಾವೇ ಕುಲುಕುವ ಹಾಗೆ ತೆಗೆಸಿಕೊಂಡು ಹೋಗುತ್ತಿದ್ದರು. ನನಗೆ ಅಭ್ಯಾಸಕ್ಕೆ ಮನುಷ್ಯರು ಸಿಗಲಿಲ್ಲ. ಅಮ್ಮನ ಸ್ಟೀಲ್ ಕೊಡ ತಂದು ಸ್ಟೂಲಿನ ಮೇಲಿಟ್ಟು, ಒಂದು ಕೊಡವನ್ನು ಎರಡು ಮಾಡುತ್ತಿದ್ದೆ. ನೀರು ಹಿಡಿಯುವ ಹೊತ್ತಿಗೆ ಕೊಡ ಇಲ್ಲ ಅಂತ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಅಪ್ಪನಿಗೆ ಇದು ಯಾವುದೂ ಸರಿಬರಲಿಲ್ಲ. ಸೆರಗು ಸರಿಮಾಡುವುದು ಪರವಾಗಿಲ್ಲ, ಆದರೆ ಸ್ಟುಡಿಯೋದ ಹಿಂದೆ ಒಂದು ಕತ್ತಲೆ ಕೋಣೆ ಇದೆ, ಫೋಟೋ ತೊಳೆಯುವುದು ಅಲ್ಲೇ ಅಂತ ಅವನಿಗೆ ಯಾರೋ ಹೇಳಿದ್ದರು.

'ಕತ್ತಲೆ ಕೋಣೇಲಿ ಹೆಣ್ಮಗೂಗೆ ಏನೇ ಕೆಲ್ಸ?' ಅಂದ. 'ಅಕ್ಕನ ಸೀಮಂತ ಮುಗೀಲಿ. ಮಾರನೇ ದಿನದಿಂದ ನನ್ ಜೊತೆ ಮಗ್ಗಕ್ಕೆ ಬಾ, ಕಂಡಿಕೆ ಸುತ್ತು. ಮೇಸ್ತ್ರಿಗೆ ಹೇಳಾಗಿದೆ.'

ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಉರುಳೆ. ಅದನ್ನು ಬೆಳಗಿಂದ ಸಂಜೆವರೆಗೆ ಸುತ್ತುತ್ತಾ ಕೂರಬೇಕು. ಅಪ್ಪನ ಹತ್ತಿರ ಮಾತಾಡಿ ಗೆದ್ದವರನ್ನು ನಾನು ನೋಡಿರಲಿಲ್ಲ.

ಹಾಗೆ ಸೀಮಂತದ ದಿನ ನನ್ನ ಪಾಲಿಗೆ ಸ್ಟುಡಿಯೋದ ಕೊನೆಯ ದಿನವೂ ಆಗಿತ್ತು. ಅಕ್ಕನಿಗೆ ಏಳು ತಿಂಗಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಬೆನ್ನ ಮೇಲೆ ಮೊಗ್ಗಿನ ಜಡೆ. ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಸೂಜಿಗೆ ಪೋಣಿಸಿ, ಮಧ್ಯೆ ಕನಕಾಂಬರದ ಸಾಲು ಕೊಟ್ಟು, ಪಕ್ಕದ ಮನೆ ಆಂಟಿ ಬೆಳಗಿನಿಂದ ಕೂತು ಕಟ್ಟಿದ್ದರು. ಮನೆ ತುಂಬ ಮಲ್ಲಿಗೆ, ಚಂದನ, ಒಬ್ಬಟ್ಟಿನ ತುಪ್ಪದ ವಾಸನೆ. ಮೊಗ್ಗಿನ ಜಡೆಗೆ ಆಯಸ್ಸು ಕಡಿಮೆ. ಸಂಜೆಯಾಗುತ್ತಾ ಮೊಗ್ಗು ಬಿರಿಯುತ್ತದೆ, ಆಮೇಲೆ ಅದು ಜಡೆಯ ಹಾಗೆ ಕಾಣುವುದಿಲ್ಲ, ಮಾರ್ಕೆಟ್ಟಿನ ಹೂವಿನ ಕುಕ್ಕೆಯ ಹಾಗೆ ಕಾಣುತ್ತದೆ. ಬಿರಿಯುವ ಮೊದಲು ಫೋಟೋ ಆಗಬೇಕು.

ಅಕ್ಕನ ಮದುವೆಯಲ್ಲೂ ಈ ಜಡೆ ಕಟ್ಟಿದ್ದರು. ಫೋಟೋದವನು ಮುಂದಿನಿಂದ ಮಾತ್ರ ತೆಗೆದಿದ್ದ, ಜಡೆ ಬಂದಿರಲಿಲ್ಲ. ಕೆಂಗೇರಿಯಿಂದ ಬಂದ ಅಕ್ಕನ ಅತ್ತೆ ಅದನ್ನು ಮರೆತಿರಲಿಲ್ಲ. ಅವರ ಉಳಿದಿಬ್ಬರು ಸೊಸೆಯರ ಜಡೆ ಫೋಟೋ ಅವರ ಮನೆ ಹಾಲಿನ ಗೋಡೆಯಲ್ಲಿತ್ತು, ಅಕ್ಕನ ಜಾಗದಲ್ಲಿ ಬರೀ ಮೊಳೆ. ಅಕ್ಕ ಪ್ರತಿದಿನ ಆ ಮೊಳೆ ನೋಡಿಕೊಂಡು ಕಸ ಗುಡಿಸುತ್ತಿದ್ದಳಂತೆ.

ಜಡೆ ಫೋಟೋಗೆ ಕನ್ನಡಿ ಬೇಕೇ ಬೇಕು. ಹೆಂಗಸು ಮುಂದೆ ನೋಡಿಕೊಂಡು ಕೂರುತ್ತಾಳೆ, ಹಿಂದೆ ಓರೆಯಾಗಿ ಇಟ್ಟ ಆಳೆತ್ತರದ ಕನ್ನಡಿಯಲ್ಲಿ ಜಡೆ ಕಾಣುತ್ತದೆ. ನಾವು ಊಟ ಮುಗಿಸಿ ಸ್ಟುಡಿಯೋಗೆ ಹೋದೆವು, ಅಪ್ಪ, ಅಮ್ಮ, ಅಕ್ಕ, ಅತ್ತೆ, ನಾನು. ಅಂಕಲ್ ಕನ್ನಡಿಯನ್ನು ಗೋಡೆಯಿಂದ ಸ್ವಲ್ಪ ಎಳೆದರು. ಮೇಲಿನ ಮೊಳೆ ಕಿತ್ತುಕೊಂಡು ಬಂತು. ಚೌಕಟ್ಟು ಅವರ ಕೈಯಲ್ಲಿ ಉಳಿಯಿತು, ಗಾಜು ಮಾತ್ರ ಕೆಳಗೆ ಜಾರಿ ಅಡ್ಡಡ್ಡ ಸೀಳಿ ನೆಲಕ್ಕೆ ಬಿತ್ತು.

ಯಾರಿಗೂ ಗಾಯವಾಗಲಿಲ್ಲ. ಆದರೆ ಅತ್ತೆ ಎದ್ದುನಿಂತರು. 'ಬಸುರಿ ಮುಂದೆ ಕನ್ನಡಿ ಒಡೀತು. ನಡೀರಿ, ಫೋಟೋನೂ ಬೇಡ ಏನೂ ಬೇಡ.' ಅಮ್ಮ ಬಾಯಿಗೆ ಸೆರಗು ಹಿಡಿದಳು. ಅಕ್ಕ ಕೈ ಹಿಂದಕ್ಕೆ ಹಾಕಿ ಜಡೆಯ ತುದಿ ಹಿಡಿದುಕೊಂಡಳು. ನನಗೆ ಆಗಲೂ ಇಷ್ಟೇ ಅನಿಸಿತು, ಈಗಲೂ ಇಷ್ಟೇ ಅನಿಸುತ್ತದೆ: ಕನ್ನಡಿ ಒಡೆದದ್ದು ಮೊಳೆ ತುಕ್ಕು ಹಿಡಿದಿದ್ದಕ್ಕೆ. ಹೊಟ್ಟೆಯಲ್ಲಿದ್ದ ಮಗುವಿಗೆ ಆ ಮೊಳೆಯ ಸುದ್ದಿಯೇ ಗೊತ್ತಿರಲಿಲ್ಲ.

ಅಂಕಲ್ ಕೈಯಲ್ಲಿದ್ದ ಖಾಲಿ ಚೌಕಟ್ಟನ್ನು ನೋಡಿದೆ. ಅದರ ಆಚೆ ಅವರ ಹೊಟ್ಟೆ, ಅಂಗಿಯ ಗುಂಡಿ ಕಾಣುತ್ತಿತ್ತು. ನನ್ನ ಕೊಡ ನೆನಪಾಯಿತು.

'ಅಂಕಲ್, ಕನ್ನಡಿ ಬೇಡ. ಚೌಕಟ್ಟು ಸಾಕು' ಅಂದೆ. 'ಅಕ್ಕ ಒಂದ್ಸಲ ಈಚೆ ಮುಖ ಮಾಡಿ ಕೂರ್ಲಿ. ಆಮೇಲೆ ಚೌಕಟ್ಟಿನ ಹಿಂದೆ ಹೋಗಿ ಬೆನ್ನು ಮಾಡಿ ಕೂರ್ಲಿ. ಅರ್ಧ ಮುಚ್ಚಳ ಹಾಕಿ ತೆಗೀತೀನಿ. ಕನ್ನಡೀಲಿ ಕಂಡಂಗೇ ಕಾಣುತ್ತೆ.'

ಅಂಕಲ್ ತಲೆ ಕೆರೆದುಕೊಂಡರು. 'ಕೊಡ ಅಲ್ಲಾಡಲ್ಲ ಕಣಮ್ಮ, ಬಸುರಿ ಅಲ್ಲಾಡ್ತಾಳೆ.'

'ಅಲ್ಲಾಡಲ್ಲ ನಾನು' ಅಂದಳು ಅಕ್ಕ. ಆ ದಿನ ಅವಳು ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಅಪ್ಪ ನನ್ನನ್ನು ನೋಡಿದ. 'ಮಾಡ್ತೀಯೇನೇ? ಇಲ್ಲ ಮೊಗ್ಗು ಬಿರಿಯೋಗಂಟ ಆಟ ಆಡ್ತೀಯಾ?'

'ಮಾಡ್ತೀನಿ' ಅಂದೆ. ಅತ್ತೆ ಮತ್ತೆ ಬೆಂಚಿನ ತುದಿಗೆ ಕೂತರು, ಹೋಗುವವರ ಹಾಗೆಯೇ ಕೂತರು.

ಗಾಜಿನ ಚೂರನ್ನೆಲ್ಲ ಗೋಣಿಚೀಲದಿಂದ ಮೂಲೆಗೆ ತಳ್ಳಿದೆವು. ಚೌಕಟ್ಟನ್ನು ಬಲಗಡೆ ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿದೆ. ಅಕ್ಕನನ್ನು ಎಡಗಡೆ ಕೂರಿಸಿ, ನೆರಿಗೆ ಬಿಡಿಸಿ, ಗದ್ದ ಸ್ವಲ್ಪ ಎತ್ತಿದೆ. ಕ್ಯಾಮೆರಾ ಮರದ ಪೆಟ್ಟಿಗೆಯಂಥದ್ದು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಅಕ್ಕ ತಲೆಕೆಳಗಾಗಿ ಕಾಣುತ್ತಿದ್ದಳು. ಬಟ್ಟೆಯೊಳಗೆ ಬೆವರಿನ, ಹಳೇ ಧೂಳಿನ ವಾಸನೆ. ಬಲ ಅರ್ಧ ಮುಚ್ಚಿ, ಮುಂದಿನ ಅಕ್ಕನನ್ನು ತೆಗೆದೆ.

'ಎದ್ದು ಆ ಕಡೆ ಹೋಗು. ಯಾರೂ ಕ್ಯಾಮೆರಾ ಮುಟ್ಬೇಡಿ' ಅಂದೆ. ಯಾರೂ ಮುಟ್ಟಲಿಲ್ಲ. ಆದರೆ ನಾನು ಮುಚ್ಚಳ ಬದಲಾಯಿಸುವಷ್ಟರಲ್ಲಿ ಅತ್ತೆ ಎದ್ದು ಹೋಗಿ, ತಮ್ಮ ಕಣ್ಣ ಕಾಡಿಗೆಯನ್ನೇ ಬೆರಳಲ್ಲಿ ತೆಗೆದು ಅಕ್ಕನ ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟುಬಿಟ್ಟರು. ನಾನು ನೋಡಲಿಲ್ಲ. ಅಕ್ಕ ಚೌಕಟ್ಟಿನ ಹಿಂದೆ ಬೆನ್ನು ಮಾಡಿ ಕೂತಳು. ಜುಮುಕಿ ಕಾಣಲಿ ಅಂತ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿದೆ. ಎಡ ಅರ್ಧ ಮುಚ್ಚಿ, ಜಡೆಯನ್ನು ತೆಗೆದೆ. ಅಕ್ಕ ಉಸಿರನ್ನೂ ಆಡಲಿಲ್ಲ ಅನಿಸುತ್ತದೆ.

ಫೋಟೋ ನೋಡದೆ ಕೆಂಗೇರಿಗೆ ಹೋಗುವುದಿಲ್ಲ ಅಂತ ಅತ್ತೆ ಪಟ್ಟು ಹಿಡಿದರು. ಫಿಲಂ ತೊಳೆದು ಫ್ಯಾನಿನ ಕೆಳಗೆ ಒಣಗಿಸುವವರೆಗೆ ಎಲ್ಲರೂ ಬೆಂಚಿನ ಮೇಲೆ ಕೂತು ಪಕ್ಕದ ಹೋಟೆಲಿನ ಕಾಫಿ ಕುಡಿದರು. ನಾನು ಅಚ್ಚು ಹಾಕಲು ಕತ್ತಲೆ ಕೋಣೆಯ ಪರದೆ ಎತ್ತಿದಾಗ ಹಿಂದೆ ಯಾರೋ ಬಂದಂತಾಯಿತು. ಅಪ್ಪ.

'ನಾನೂ ನೋಡ್ತೀನಿ' ಅಂದ. ಅಂಕಲ್ ಅವನಿಗೆ ಜಾಗ ಬಿಟ್ಟು ಹೊರಗೆ ಉಳಿದರು.

ಕೋಣೆಯೊಳಗೆ ಒಂದು ಕೆಂಪು ಬಲ್ಬು, ನಾಲ್ಕು ತಟ್ಟೆ, ಹುಳಿ ಹುಳಿ ಔಷಧದ ವಾಸನೆ. ಕತ್ತಲೆ ಕೋಣೆ ಅಂತ ಅಪ್ಪ ಏನನ್ನು ನೆನೆಸಿಕೊಂಡು ಹೆದರಿದ್ದನೋ, ಅಲ್ಲಿದ್ದದ್ದು ಇಷ್ಟೇ. ಫಿಲಂ ಹೊಂದಿಸಿ ಬೆಳಕು ಬಿಟ್ಟ ಬಿಳಿ ಕಾಗದವನ್ನು ತಟ್ಟೆಯಲ್ಲಿ ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಅಕ್ಕನ ಕೂದಲು ಬಂತು, ಕಣ್ಣು ಬಂತು, ಸೀರೆಯ ಅಂಚು ಬಂತು. ಅವಳ ಹಿಂದೆ ಚೌಕಟ್ಟು, ಅದರೊಳಗೆ ಜಡೆ, ಒಂದೊಂದು ಮೊಗ್ಗೂ ಬಿಡಿಬಿಡಿಯಾಗಿ. ಅಪ್ಪ ತಟ್ಟೆಯ ಮೇಲೆ ಬಗ್ಗಿದ. ಜೀವಮಾನದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದೆ.

'ಮಗ್ಗದಲ್ಲಿ ನಕ್ಷೆ ಏಳ್ತದಲ್ಲ, ಹಂಗೇ ಕಣೇ.' ಸ್ವಲ್ಪ ಹೊತ್ತು ನೋಡಿದ. ಬೆರಳು ತೋರಿಸಿದ. 'ಇಲ್ಲಿ ಎಳೆ ಬಿಟ್ಟಿದೆ.'

ಹೌದು. ಎರಡು ಅರ್ಧ ಕೂಡುವ ಕಡೆ, ಮೇಲಿನಿಂದ ಕೆಳಗೆ, ಹೊಗೆ ಹಿಡಿದಂತೆ ಒಂದು ಕಪ್ಪು ಗೆರೆ. ಕೊಡದಲ್ಲಿ ಆ ಗೆರೆ ಬಂದಿರಲಿಲ್ಲ. ಅತ್ತೆ ಇದನ್ನು ನೋಡಿದರೆ ಬಿರುಕು ಅನ್ನುತ್ತಿದ್ದರು, ಅಕ್ಕ ಮತ್ತೆ ಆ ಮೊಳೆಯ ಕೆಳಗೆ ಕಸ ಗುಡಿಸುತ್ತಿದ್ದಳು, ನಾನು ಕಂಡಿಕೆ ಸುತ್ತುತ್ತಿದ್ದೆ.

ಫಿಲಂ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತೆ. ಕಾಗದದಲ್ಲಿ ಕಪ್ಪಾಗಿ ಬಂದದ್ದು ಫಿಲಮ್ಮಿನಲ್ಲಿ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ನೆರಳು ತುಂಬಿದರೆ ಅಚ್ಚಿನಲ್ಲಿ ಕಪ್ಪು ಅಳಿಯುತ್ತದೆ. ಅಂಕಲ್ ಇದನ್ನು ಜನರ ಮೊಡವೆ ಅಳಿಸಲು ಕಲಿಸಿದ್ದರು. ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿ, ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಬಂದೆ. ಒತ್ತಿದರೆ ಫಿಲಂ ಗೀರುತ್ತದೆ, ಒತ್ತದಿದ್ದರೆ ಹತ್ತುವುದಿಲ್ಲ. ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ನನ್ನ ಕೈ ಎತ್ತ ಹೋದರೆ ಅತ್ತ ಕಣ್ಣು ಹಾಯಿಸುತ್ತಿದ್ದ. ಒಂದು ಸಲ ಮಾತ್ರ 'ಅಲ್ಲಿ ಕೆಳಗಡೆ, ಅಂಚಿನ ಹತ್ತಿರ' ಅಂದ. ಸರಿಯಾಗಿಯೇ ಹೇಳಿದ್ದ.

ಎರಡನೆಯ ಅಚ್ಚಿನಲ್ಲಿ ಗೆರೆ ಇರಲಿಲ್ಲ. ಒದ್ದೆ ಫೋಟೋವನ್ನು ತಟ್ಟೆಯಲ್ಲೇ ಹೊರಗೆ ತಂದೆ. ಅಕ್ಕ ತನ್ನ ಬೆನ್ನನ್ನು ತಾನೇ ನೋಡಿಕೊಂಡು ಬಾಯಿ ಬಿಟ್ಟಳು. ಅತ್ತೆ ಕಣ್ಣು ಕಿರಿದು ಮಾಡಿ ಹತ್ತಿರ ಹಿಡಿದರು. ಫೋಟೋದಲ್ಲಿ ಕನ್ನಡಿ ಎಲ್ಲೂ ಒಡೆದಿರಲಿಲ್ಲ.

'ಇದೇನೇ, ಈಚೆ ಇರೋಳಿಗೆ ಬೊಟ್ಟಿಲ್ಲ, ಕನ್ನಡಿ ಒಳಗಿರೋಳಿಗೆ ಬೊಟ್ಟಿದೆ' ಅಂದರು.

ನಾನೂ ಅದನ್ನು ಕಂಡದ್ದು ಆಗಷ್ಟೇ. ಅಂಕಲ್ ಗೋಡೆ ನೋಡಿದರು. ಅಪ್ಪ ಹೇಳಿದ: 'ದೃಷ್ಟಿಯೆಲ್ಲ ಕನ್ನಡಿ ಒಳಗಿರೋಳಿಗೆ ಹೋಯ್ತು ಬಿಡಿ, ಬೀಗಿತ್ತಿ. ಹೊರಗಿರೋಳು ನಿಮ್ಮ ಸೊಸೆ, ಸುಖವಾಗಿದಾಳೆ.'

ಅತ್ತೆ ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಎಲೆ ಅಡಿಕೆಯ ಹಾಗೆ ಸ್ವಲ್ಪ ಹೊತ್ತು ಅಗಿದರು. ಆಮೇಲೆ ನಕ್ಕರು. 'ಬೊಟ್ಟು ಇಟ್ಟೋಳು ನಾನೇ ಅಲ್ವಾ' ಅಂದರು. ಆ ಫೋಟೋ ಕೆಂಗೇರಿಯ ಮೊಳೆಗೆ ಏರಿತು. ಆಗ ಅಕ್ಕನ ಹೊಟ್ಟೆಯಲ್ಲಿದ್ದವಳೇ ನಿಮ್ಮ ದೊಡ್ಡಮ್ಮ. ಅವಳ ಮನೆಗೆ ಹೋದಾಗ ನೋಡಿ, ಬೊಟ್ಟು ಈಗಲೂ ಅಲ್ಲೇ ಇದೆ.

ಮನೆಗೆ ನಡೆದು ಬರುವಾಗ ಅಪ್ಪನ ಗಂಟಲು ಮತ್ತೆ ಜೋರಾಗಿತ್ತು. 'ಕಂಡಿಕೆಗೆ ಬೇರೆ ಯಾರನ್ನಾದ್ರೂ ನೋಡ್ಕೊ ಅಂತ ಮೇಸ್ತ್ರಿಗೆ ಹೇಳ್ತೀನಿ' ಅಂದ. ಸ್ವಲ್ಪ ದೂರ ಹೋಗಿ, 'ಆದ್ರೆ ಆ ಎಳೆ ಇನ್ನೊಂದ್ಸಲ ಬಿಡಬಾರ್ದು' ಅಂದ.

ಮೊನ್ನೆ ನೀವು ಮೊಬೈಲಿನಲ್ಲಿ ಒಬ್ಬನೇ ಮೂರು ಜನ ಆಗಿ ಕುಣಿಯುವುದನ್ನು ತೋರಿಸಿದಿರಿ. ಚೆನ್ನಾಗಿತ್ತು. ಬೆರಳಲ್ಲಿ ಒರೆಸಿದರೆ ಗೆರೆ ಹೋಗುತ್ತದೆ, ಬೊಟ್ಟು ಬೇಡವಾದರೆ ಬೊಟ್ಟೂ ಹೋಗುತ್ತದೆ. ನಮಗೆ ಆಗ ಅದು ಸಿಕ್ಕಿದ್ದರೆ ನಾನೂ ಅದನ್ನೇ ಹಿಡಿದುಕೊಳ್ಳುತ್ತಿದ್ದೆ, ಪೆನ್ಸಿಲ್ ಚೂಪು ಮಾಡುತ್ತಾ ಯಾರು ಕೂರುತ್ತಿದ್ದರು. ನಮ್ಮ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಔಷಧದಿಂದ ಉಗುರೆಲ್ಲ ಕಂದು ಬಣ್ಣ ಆಗುತ್ತಿತ್ತು. ಆದರೆ ನಿಮ್ಮ ಮೊಬೈಲು ಗೆರೆ ಯಾಕೆ ಬಂತು ಅಂತ ನಿಮ್ಮನ್ನು ಕೇಳುವುದಿಲ್ಲ. ನೀವಾಗಿಯೇ ಕೇಳಿಕೊಳ್ಳಬೇಕು.

ನನಗಂತೂ ಆ ಗೆರೆ ಯಾಕೆ ಬಂತು ಅಂತ ಗೊತ್ತಾಗಲೇಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಹೊರಟ. ಅಮ್ಮ ನಲ್ಲಿಯ ಸರದಿಗೆ ಏಳುವ ಮೊದಲೇ ನಾನು ಸ್ಟೀಲ್ ಕೊಡ ಸೊಂಟಕ್ಕಿಟ್ಟುಕೊಂಡು ಸ್ಟುಡಿಯೋಗೆ ಹೋಗಿ, ಗಾಜಿನ ಚೂರು ಗುಡಿಸಿ ಹಾಕಿ, ಕೊಡವನ್ನು ಖಾಲಿ ಚೌಕಟ್ಟಿನ ಹಿಂದೆ ಇಟ್ಟೆ.