ಉಸ್ತಾದರು ಹಿಡಿದ ಫ್ಲ್ಯಾಶ್

ಉಸ್ತಾದರು ಚಹಾದ ಬಸಿಯನ್ನು ಕೈಯಲ್ಲಿ ಎತ್ತುತ್ತಿರಲಿಲ್ಲ. ಟೇಬಲ್ಲಿನ ಮೇಲೇ ಇಟ್ಟು, ಮೆಹೆಂದಿ ಹಚ್ಚಿದ ಗಡ್ಡ ಚಹಾಕ್ಕೆ ತಾಗದಂತೆ ಹಿಡಿದು, ಬಗ್ಗಿ ಸುರ್ರನೆ ಹೀರುತ್ತಿದ್ದರು. ಸೊಲ್ಲಾಪುರ ರಸ್ತೆಯಲ್ಲಿದ್ದ ಅವರ ಫೋಟೊ ಸ್ಟುಡಿಯೋಕ್ಕೆ ಸಾರವಾಡದಿಂದ ದಿನಾ ಬಸ್ಸಿನಲ್ಲಿ ಬಂದು ಕೆಲಸ ಕಲಿಯುತ್ತಿದ್ದ ನಾನು, ಇದೂ ಒಂದು ನವಾಬಿ ಗತ್ತು ಎಂದುಕೊಂಡಿದ್ದೆ. ದಡ್ಡಿ ನಾನು.

"ಲಗ್ನದ ಫೋಟೊದಾಗ ನಿಂದ್ರೂ ವಯಸ್ಸಿನಾಗ ಫೋಟೊ ತಗಿಯಾಕ ಹೊಂಟಾಳ ನೋಡ್ರಿ" ಎಂದು ನಮ್ಮೂರಲ್ಲಿ ನಗುವವರಿದ್ದರು. ನಗಲಿ ಬಿಡಿ. ಫೋಟೊಗ್ರಾಫರ್ ಆಗಿಯೇ ತೀರುತ್ತೇನೆಂದು ನಾನು ಹಟ ಹಿಡಿದಿದ್ದೆ. ಹಟವೇನೋ ಇತ್ತು, ಬೆಳಕಿನ ಬುದ್ಧಿ ಇರಲಿಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸಿ ಎದುರಿಗೇ ಹೊಡೆಯುತ್ತಿದ್ದೆ. ಉಸ್ತಾದರು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಸೂರ್ಯ ಮನಿ ಹಿರ್ಯಾ ಇದ್ದಂಗ, ಬೇಟಾ. ಮೊದಲ ಅವನ ಮಾತು ಮುಗೀಲಿ. ನಿನ್ನ ಫ್ಲ್ಯಾಶ್ ಬಾಜೂಕ ನಿಂತು ಹೂಂ ಅಂದ್ರ ಸಾಕು."

ಕೇಳಿದೆನೇ? ಜೈನಾಪುರದ ಒಂದು ಮನೆಗೆ ಅಜ್ಜಿಯ ಫೋಟೊ ತೆಗೆಯಲು ಮೊದಲ ಸಲ ಒಬ್ಬಳೇ ಹೋದೆ. "ನಮ್ಮವ್ವ ಬೆಳ್ಳಗ ಕಾಣಬೇಕ್ರಿ" ಎಂದ ಮಗ. ಅದೇನು ಮಹಾ ಎಂದು ಫ್ಲ್ಯಾಶ್ ಜೋರು ಮಾಡಿ ಹೊಡೆದೆ. ಮುಖ ಬೆಳ್ಳಗೇನೋ ಬಂತು, ಸುಣ್ಣ ಬಳಿದ ಗೋಡೆಯಂತೆ. ಗದ್ದದ ಮೇಲಿನ ಹಚ್ಚೆಯ ಚುಕ್ಕೆಗಳೇ ಕಾಣೆಯಾಗಿದ್ದವು. ಫೋಟೊ ಕೊಟ್ಟಾಗ ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಯಾರ ಬೇ ಇಕಿ? ನಮ್ಮವ್ವ ಹಾಕಿಸಿದ ಹಚ್ಚಿ ಎಲ್ಲಿ ಹ್ವಾದವು?"

ಮಗ ಅಲ್ಲಿಂದಲೇ ಸ್ಟುಡಿಯೋಕ್ಕೆ ಫೋನು ಹಚ್ಚಿದ: "ಈ ಹುಡಿಗಿ ಬ್ಯಾಡ್ರಿ, ನೀವ ಬರ್ರಿ." ನನ್ನ ಕಥೆ ಮುಗಿಯಿತು ಎಂದುಕೊಂಡೆ. ಸುದ್ದಿ ಸಾರವಾಡ ಮುಟ್ಟಲು ಒಂದು ಬಸ್ಸು ಸಾಕು.

ಉಸ್ತಾದರು ಬೈಯಲಿಲ್ಲ. ಮರುದಿನ "ನಡಿ" ಎಂದು ನನ್ನನ್ನೂ ಕರೆದುಕೊಂಡು ಹೊರಟರು. ಸಂಜೆಯ ಬಿಸಿಲು ಬೆನ್ನಿಗೆ ಬೀಳುವಂತೆ ಅಜ್ಜಿಯನ್ನು ಅಂಗಳದ ಬೇವಿನ ಮರದ ಹತ್ತಿರ ಕೂರಿಸಿದರು. ನೆರೆತ ಕೂದಲಿನ ಅಂಚು ಹೊಳೆಯಿತು, ಮುಖ ಮಾತ್ರ ನೆರಳಿನಲ್ಲಿ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ, ಅದರ ಮುಂದೆ ತೆಳು ಬಿಳಿ ಬಟ್ಟೆ ಕಟ್ಟಿ ತಾವೇ ಇಟ್ಟುಕೊಂಡರು. ಕ್ಯಾಮೆರಾ ನನಗೆ ಕೊಟ್ಟರು.

"ಮತ್ತ ಇಕಿ ಕೈಯಾಗ ಯಾಕ್ರಿ? ನೀವ ತಗೀರಿ" ಎಂದ ಮಗ.

ಉಸ್ತಾದರು ಫ್ಲ್ಯಾಶನ್ನು ಕಂಕುಳಲ್ಲಿ ಇರುಕಿ, ಎಲ್ಲರೆದುರು ಎರಡೂ ಕೈ ಮುಂದೆ ಹಿಡಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು.

"ವರ್ಷ ಆತ್ರಿ ಹಿಂಗ ನಡಗಾಕತ್ತು. ಗಿರಾಕಿ ಹೋದಾರು ಅಂತ ಯಾರಿಗೂ ಹೇಳಿಲ್ಲ. ಕ್ಯಾಮೆರಾ ನಡಗಿದ್ರ ಫೋಟೊ ಕೆಡತೈತಿ. ಫ್ಲ್ಯಾಶ್ ನಡಗಿದ್ರ ಏನೂ ಆಗೂದಿಲ್ಲ. ಇಕಿ ಫೋಟೊ ತಗೀಲಿ, ನಾ ಫ್ಲ್ಯಾಶ್ ಹಿಡೀತೀನಿ."

ಟೇಬಲ್ಲಿನಿಂದ ಏಳದ ಬಸಿ, ಯಾವಾಗಲೂ ಸ್ಟ್ಯಾಂಡಿನ ಮೇಲೇ ಇರುತ್ತಿದ್ದ ಸ್ಟುಡಿಯೋದ ಕ್ಯಾಮೆರಾ, ಎಲ್ಲ ಒಮ್ಮೆಗೇ ತಿಳಿಯಿತು. ಆ ಸ್ಟ್ಯಾಂಡನ್ನು ಅವತ್ತು ಅವರು ಬೇಕೆಂದೇ ಬಿಟ್ಟು ಬಂದಿದ್ದರು. ಒಂದು ವರ್ಷ ಮುಚ್ಚಿಟ್ಟ ಮಾತನ್ನು ನನ್ನ ಸಲುವಾಗಿ ಅಂಗಳದಲ್ಲಿ ಸುರಿದುಬಿಟ್ಟರಲ್ಲ! ಅಳು ಬಂತು. ಅಳುತ್ತ ಕೂತರೆ ಬಿಸಿಲು ನಿಲ್ಲುವುದೇ? ಕಣ್ಣೊರೆಸಿಕೊಂಡು, ಮೊದಲು ಬಿಸಿಲಿಗೆ ತಕ್ಕಂತೆ ಕ್ಯಾಮೆರಾ ಹೊಂದಿಸಿದೆ. ಫ್ಲ್ಯಾಶಿನ ಜೋರು ಇಳಿಸಿದೆ, ಇನ್ನೂ ಇಳಿಸಿದೆ. ಮೂರನೆಯ ಫೋಟೊ ನೋಡಿ ಅಜ್ಜಿ ತನ್ನ ಗದ್ದ ಮುಟ್ಟಿಕೊಂಡಳು.

"ಹಾಂ, ಈಕಿ ನಾನ ನೋಡು."

ಅಲ್ಲಿಂದ ಮುಂದೆ ಬಬಲೇಶ್ವರ, ತಿಕೋಟಾ ಎಂದು ಎಲ್ಲಿ ಮದುವೆಯಿದ್ದರೂ ಉಸ್ತಾದರು ನನ್ನ ಪಕ್ಕದಲ್ಲಿ ಫ್ಲ್ಯಾಶ್ ಹಿಡಿದು ನಿಂತರು. "ಶಿಷ್ಯಾಳ ಕೈಕೆಳಗ ಚಾಕರಿ ಏನ್ರಿ ಉಸ್ತಾದ್ರ?" ಎಂದು ಯಾರಾದರೂ ಕೆಣಕಿದರೆ, "ಹೌದ್ರಿ, ಪಗಾರ ಇಲ್ಲ, ಊಟ ಐತಿ" ಎನ್ನುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸ್ಟುಡಿಯೋ ಈಗ ನಾನು ನಡೆಸುತ್ತೇನೆ. ಫ್ಲ್ಯಾಶಿಗೊಂದು ಸ್ಟ್ಯಾಂಡ್ ತಂದಿದ್ದೇನೆ. ಒಳ್ಳೆಯ ಸ್ಟ್ಯಾಂಡು, ಒಂದಿಷ್ಟೂ ನಡುಗುವುದಿಲ್ಲ. ಆದರೂ ಮೊದಲ ಫೋಟೊಕ್ಕೆ ಮುಂಚೆ ಅದರ ಕಡೆ ತಿರುಗಿ, "ಒಂದೀಟ ಹಿಂದಕ ಸರೀರಿ, ಉಸ್ತಾದ್ರ" ಎಂದುಬಿಡುತ್ತೇನೆ. ಮದುವೆಮನೆಯವರು ನಗುತ್ತಾರೆ.

ನಗಲಿ ಬಿಡಿ.